ಮಳೆಗಾಲಕ್ಕೆ ಫೋನು ಸಜ್ಜು ಮಾಡೋದು ಹೇಗೆ? ನೀರಿನ ಹನಿ ಗುರುತು, ಬೇಗ ಇಳಿಯೋ ಬ್ಯಾಟರಿ, ಓಡದ ನೆಟ್

ಹೆತ್ತೂರು ಹೋಬಳಿ:

ಎಲ್ಲರಿಗೂ ನಮಸ್ಕಾರ. ಸಕಲೇಶಪುರ ತಾಲ್ಲೂಕು ಹೆತ್ತೂರು ಕಡೆ ತೋಟದ ಮನೆ. ಇರೋದು ಅರವತ್ತು ದಾಟಿದ ಅಪ್ಪ, ಅಮ್ಮ. ಇಬ್ಬರ ಕೈಯಲ್ಲೂ ಆಂಡ್ರಾಯ್ಡ್ ಫೋನು, ಒಂದು ಸ್ಯಾಮ್‌ಸಂಗ್. ಎರಡರಲ್ಲೂ ಎರಡೆರಡು ಸಿಮ್. ಮನೆಗೆ ಫೈಬರ್ ನೆಟ್ ಇದೆ, 150 ಎಎಚ್ ಬ್ಯಾಟರಿಯ ಯುಪಿಎಸ್ ಇದೆ. ಬೇಸಿಗೆಯಲ್ಲಿ ಯಾವ ತೊಂದರೆಯೂ ಇಲ್ಲ. ಆರಿದ್ರಾ ಮಳೆ ಹಿಡಿಯಿತು ಅಂದರೆ ಎಲ್ಲ ಒಟ್ಟಿಗೇ ಶುರು.

ಚಾರ್ಜಿಗೆ ಹಾಕಿದರೆ ನೀರಿನ ಹನಿ ಗುರುತು ಬಂದು ಚಾರ್ಜ್ ನಿಂತುಹೋಗುತ್ತೆ. ಫೋನು ನೀರಿಗೆ ಬಿದ್ದೇ ಇಲ್ಲ. ಬೆಳಿಗ್ಗೆ ನೂರಿದ್ದ ಬ್ಯಾಟರಿ ಹೆಚ್ಚೇನೂ ಬಳಸದಿದ್ದರೂ ಮಧ್ಯಾಹ್ನ ಮೂರರ ಹೊತ್ತಿಗೆ ಇಪ್ಪತ್ತಕ್ಕೆ ಬಂದಿರುತ್ತೆ. ಕೆಲವು ಸಲ ಸಿಗ್ನಲ್ ಕಡ್ಡಿ ತುಂಬ ಇದ್ದರೂ ನೆಟ್ ಓಡಲ್ಲ. ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದರೆ ಚಕ್ರ ತಿರುಗುತ್ತಾ ನಿಂತುಬಿಡುತ್ತೆ. ಮರ ಬಿದ್ದು ಕರೆಂಟು ಹೋದರೆ ಎರಡು ಮೂರು ದಿನ ಬರೋದಿಲ್ಲ.

ಹೊಸ ಫೋನು ತಗೊಳ್ಳಿ ಅನ್ನೋ ಸಲಹೆ ದಯವಿಟ್ಟು ಬೇಡ. ಇರೋದರಲ್ಲೇ ಏನು ಬದಲಿಸಬೇಕು, ಏನು ತಂದಿಟ್ಟುಕೊಳ್ಳಬೇಕು ಅಂತ ಗೊತ್ತಿರೋರು ಕಾರಣ ಸಮೇತ ಬರೆದರೆ ಈ ಕಡೆಯ ಎಷ್ಟೋ ಮನೆಗಳಿಗೆ ಉಪಯೋಗ ಆಗುತ್ತೆ.


ಬೆಸುಗೆ ಕಡ್ಡಿ, ಚಿಕ್ಕಮಗಳೂರು:

ನೀರಿನ ಹನಿಯಿಂದಲೇ ಶುರು ಮಾಡ್ತೀನಿ. ಆ ಗುರುತನ್ನು ಲೆಕ್ಕಿಸದೆ ಮತ್ತೆ ಮತ್ತೆ ಚಾರ್ಜರ್ ಚುಚ್ಚಿ ಜ್ಯಾಕ್ ಸುಟ್ಟುಕೊಂಡ ಫೋನುಗಳೇ ಮಳೆಗಾಲದಲ್ಲಿ ರಿಪೇರಿ ಟೇಬಲ್ಲಿಗೆ ಬರೋದು.

ಸಿ ಟೈಪ್ ಜ್ಯಾಕಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ನಡುವೆ ನಾಲಿಗೆ ಥರ ಒಂದು ತೆಳು ಪಟ್ಟಿ, ಅದರ ಮೇಲೂ ಕೆಳಗೂ ಚಿನ್ನದ ಬಣ್ಣದ ಪಿನ್ನುಗಳ ಸಾಲು. ಪೂರ್ತಿ ಜ್ಯಾಕಿನಲ್ಲಿ 24 ಪಿನ್ನು, ಅರ್ಧ ಮಿಲಿಮೀಟರಿಗೆ ಒಂದು. ಇಷ್ಟು ಹತ್ತಿರ ಇರೋ ಪಿನ್ನುಗಳ ನಡುವೆ ತೇವದ ಒಂದು ಪೊರೆ ಕೂತರೂ ಹರಿಯಬಾರದ ಕಡೆ ಕರೆಂಟು ಹರಿಯುತ್ತೆ. ಫೋನು ಅದನ್ನು ಅಳೆದು ಪತ್ತೆ ಹಚ್ಚಿ ಚಾರ್ಜ್ ನಿಲ್ಲಿಸುತ್ತೆ. ಇದಕ್ಕೆ ನೀರಿಗೆ ಬೀಳಲೇಬೇಕು ಅಂತಿಲ್ಲ. ಒದ್ದೆ ಅಂಗಿಯ ಜೇಬು ಸಾಕು, ಬೆವರು ಸಾಕು. ಜೇಬಿನ ನೂಲಿನ ಕಸ ಜ್ಯಾಕಿನ ತಳದಲ್ಲಿ ಗಟ್ಟಿಯಾಗಿ ಕೂತಿದ್ದರಂತೂ ಅದು ಗಾಳಿಯ ತೇವ ಹೀರಿಕೊಂಡು ಬತ್ತಿ ಥರ ಹಿಡಿದಿಟ್ಟುಕೊಂಡಿರುತ್ತೆ. ನೀವು ಹೇಳಿದ ಲಕ್ಷಣ ನೋಡಿದರೆ ಮೊದಲ ಅನುಮಾನ ಇದರ ಮೇಲೇ.

ಗುರುತು ಬಂದ ಕೂಡಲೇ ಕೇಬಲ್ ತೆಗೆಯಿರಿ. ಕೇಬಲ್ ತುದಿಯನ್ನೇ ಮೊದಲು ನೋಡಿ. ಜಡಿಮಳೆಯಲ್ಲಿ ಗೋಡೆಯೇ ಬೆವರುತ್ತೆ, ಗೋಡೆಗೆ ತಾಗಿ ನೇತಾಡೋ ಕೇಬಲ್ಲಿನ ಬಾಯಿಯಲ್ಲೂ ತೇವ ಕೂತಿರುತ್ತೆ. ಒಣ ಕೇಬಲ್ ಬೇರೊಂದು ಹಾಕಿದಾಗ ಗುರುತು ಬರದಿದ್ದರೆ ಕೆಲಸ ಅಲ್ಲಿಗೇ ಮುಗೀತು. ಫೋನೇ ಒದ್ದೆ ಅನ್ನಿಸಿದರೆ ಜ್ಯಾಕನ್ನು ಕೆಳಮುಖ ಮಾಡಿ ಅಂಗೈಗೆ ಎಂಟು ಹತ್ತು ಸಲ ಮೆಲ್ಲಗೆ ತಟ್ಟಿ. ಆಮೇಲೆ ಟೇಬಲ್ ಫ್ಯಾನಿನಿಂದ ಒಂದು ಅಡಿ ದೂರ, ಜ್ಯಾಕಿಗೆ ನೇರ ಗಾಳಿ ಬೀಳೋ ಹಾಗೆ ಕನಿಷ್ಠ ಅರ್ಧ ಗಂಟೆ ಇಡಿ. ಪೂರ್ತಿ ಒಣಗೋಕೆ ಒಂದು ದಿನವೂ ಹಿಡಿಯಬಹುದು.

ಆಷಾಢದಲ್ಲಿ ಗಾಳಿಯೇ ಒದ್ದೆ, ಫ್ಯಾನು ಸಾಲೋದಿಲ್ಲ. ಅದಕ್ಕೆ ಸಿಲಿಕಾ ಜೆಲ್ ತಂದಿಡಿ. ಗಟ್ಟಿ ಮುಚ್ಚಳದ ಡಬ್ಬಿ, ತೆಳು ಬಟ್ಟೆಯಲ್ಲಿ ಕಟ್ಟಿದ 200 ಗ್ರಾಂ ಜೆಲ್, ಪಕ್ಕದಲ್ಲಿ ಆಫ್ ಮಾಡಿದ ಫೋನು, ರಾತ್ರಿಯಿಡೀ. ಮುಚ್ಚಳ ಸಡಿಲ ಇದ್ದರೆ ಜೆಲ್ಲು ಕೋಣೆಯ ತೇವವನ್ನೆಲ್ಲ ಕುಡಿದು ಬೆಳಗಾಗೋದರೊಳಗೆ ಸತ್ತಿರುತ್ತೆ. ನೀಲಿ ಹರಳು ತೇವ ಕುಡಿದು ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ಅದರ ಬಣ್ಣಕ್ಕೆ ಕೋಬಾಲ್ಟ್ ಬಳಸಿರುತ್ತಾರೆ, ಅಡುಗೆಮನೆಗೆ ತರಬೇಡಿ. ಕಿತ್ತಳೆ ಬಣ್ಣದ್ದು ತಗೊಳ್ಳಿ. ಬಣ್ಣ ಬದಲಾದಾಗ ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮೊದಲಿನ ಬಣ್ಣಕ್ಕೆ ಬರುತ್ತೆ, ಮತ್ತೆ ಬಳಸಬಹುದು. ಉರಿ ಜೋರಾದರೆ ಹರಳು ಕಪ್ಪಾಗಿ ಕೆಲಸಕ್ಕೆ ಬರೋದಿಲ್ಲ.

ಅಕ್ಕಿ ಡಬ್ಬಿಗೆ ಮಾತ್ರ ಹಾಕಬೇಡಿ. ಅಕ್ಕಿಯ ಹಿಟ್ಟು ಧೂಳು ಜ್ಯಾಕಿಗೆ ಹೋಗಿ ತೇವದ ಜೊತೆ ಗಂಜಿಯಾಗುತ್ತೆ. ಆಪಲ್ ಕಂಪನಿಯೂ ತನ್ನ ಗ್ರಾಹಕರಿಗೆ ಅಕ್ಕಿಯಲ್ಲಿ ಇಡಬೇಡಿ ಅಂತಲೇ ಬರೆದಿದೆ. ಒಲೆ ಮೇಲಿನ ಅಟ್ಟವೂ ಬೇಡ. ಬೆಂಕಿಪೊಟ್ಟಣಕ್ಕೆ, ಉಪ್ಪಿನ ಮರಿಗೆಗೆ ಅದು ಸರಿಯಾದ ಜಾಗ. ಲಿಥಿಯಂ ಬ್ಯಾಟರಿಗೆ 45 ಡಿಗ್ರಿ ದಾಟಿದ ಬಿಸಿ ಒಳ್ಳೆಯದಲ್ಲ, ಹೊಗೆಯ ಮಸಿ ಸ್ಪೀಕರ್ ಜಾಲರಿಗೆ ಅಂಟಿದರೆ ಮಾತು ಕೇಳಿಸಲ್ಲ.

ಒಣಗಿದ್ದು ಖಾತ್ರಿಯಾದ ಮೇಲೂ ಗುರುತು ಹೋಗದಿದ್ದರೆ ಎರಡು ಕಾರಣ. ಒಂದು, ಕಸ. ಫೋನು ಪೂರ್ತಿ ಆಫ್ ಮಾಡಿ, ಮರದ ಟೂತ್‌ಪಿಕ್ಕಿನ ತುದಿಯನ್ನು ಚಪ್ಪಟೆಯಾಗಿ ಕೆತ್ತಿ, ನಡುವಿನ ನಾಲಿಗೆಗೆ ತಾಗದ ಹಾಗೆ ಅಂಚಿನಲ್ಲಿ ಇಳಿಸಿ ನೂಲನ್ನು ಎತ್ತಿ ತೆಗೆಯಿರಿ. ಗುಂಡುಸೂಜಿ, ಸಿಮ್ ತೆಗೆಯೋ ಪಿನ್ನು ಬೇಡವೇ ಬೇಡ, ಎರಡು ಪಿನ್ನು ಒಟ್ಟಿಗೆ ತಾಗಿದರೆ ಶಾರ್ಟ್. ಹಸಿರು ಅಥವಾ ಕಪ್ಪು ಕಲೆ ಕಂಡರೆ 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದೆರಡು ಹನಿ ಮೆತ್ತನೆ ಬ್ರಷ್ಷಿಗೆ ಹಾಕಿ ಉಜ್ಜಿ, ಒಂದು ಗಂಟೆ ಆರಲು ಬಿಡಿ. ಸ್ಯಾನಿಟೈಸರ್ ಇದಕ್ಕೆ ಆಗಲ್ಲ, ಅದರಲ್ಲಿ ನೀರು, ಅಂಟು ಎರಡೂ ಇರುತ್ತೆ.

ಎರಡನೇ ಕಾರಣ ಸಾಫ್ಟ್‌ವೇರಿನಲ್ಲಿ ಗುರುತು ಸಿಕ್ಕಿಹಾಕಿಕೊಂಡಿರೋದು. ಸ್ಯಾಮ್‌ಸಂಗ್‌ನಲ್ಲಿ ಸೆಟ್ಟಿಂಗ್ಸ್, ಆ್ಯಪ್ಸ್, ಅಲ್ಲಿ ಸಿಸ್ಟಮ್ ಆ್ಯಪ್ ತೋರಿಸೋ ಹಾಗೆ ಮಾಡಿ ಯುಎಸ್‌ಬಿ ಸೆಟ್ಟಿಂಗ್ಸ್ ಅನ್ನೋದನ್ನು ಹುಡುಕಿ. ಸ್ಟೋರೇಜ್ ಒಳಗೆ ಕ್ಲಿಯರ್ ಡೇಟಾ ಒತ್ತಿ, ರೀಸ್ಟಾರ್ಟ್ ಮಾಡಿ. ಇದನ್ನು ಒಣಗಿದ ಮೇಲೆ ಮಾತ್ರ ಮಾಡಿ. ಒದ್ದೆ ಇದ್ದಾಗ ಗುರುತು ಅಳಿಸಿ ಚಾರ್ಜ್ ಮಾಡಿದರೆ 5 ವೋಲ್ಟ್, ಫಾಸ್ಟ್ ಚಾರ್ಜರ್ ಆದರೆ 9 ವೋಲ್ಟ್, ಆ ತೇವದ ಮೂಲಕವೇ ಹರಿದು ಪಿನ್ನಿನ ಚಿನ್ನದ ಲೇಪ ತಿಂದುಹಾಕುತ್ತೆ. ಆಮೇಲೆ ಜ್ಯಾಕೇ ಬದಲಿಸಬೇಕು. ಹಲವು ಮಾಡೆಲ್‌ಗಳಲ್ಲಿ ಜ್ಯಾಕು ಚಿಕ್ಕ ಪ್ರತ್ಯೇಕ ಚಾರ್ಜಿಂಗ್ ಬೋರ್ಡಿನ ಮೇಲಿರುತ್ತೆ, ಬೋರ್ಡ್ ಬದಲಿಸೋದು ಸುಲಭ. ಕೆಲವದರಲ್ಲಿ ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ಅಂಗಡಿಗೆ ಕೊಡೋ ಮೊದಲು ಯಾವುದು ಅಂತ ಕೇಳಿ, ಖರ್ಚಿನಲ್ಲಿ ತುಂಬ ವ್ಯತ್ಯಾಸ.

ತೋಟಕ್ಕೆ ಒಯ್ಯುವಾಗ ಜಿಪ್ ಇರೋ ತೆಳು ಪ್ಲಾಸ್ಟಿಕ್ ಕವರ್ ಸಾಕು, ಟಚ್ ಅದರ ಮೇಲಿಂದಲೇ ಕೆಲಸ ಮಾಡುತ್ತೆ. ಒಂದು ಎಚ್ಚರ ಬೇಕು. ಬೆಚ್ಚಗಿರೋ ಫೋನನ್ನು ಒದ್ದೆ ಗಾಳಿಯ ಜೊತೆ ಕವರಿಗೆ ಹಾಕಿ ಮುಚ್ಚಿದರೆ, ಹೊರಗಿನ ಚಳಿಗೆ ಆ ಗಾಳಿ ಒಳಗೇ ಹನಿಯಾಗುತ್ತೆ, ಕ್ಯಾಮೆರಾ ಗಾಜಿನ ಮೇಲೆ ಮಂಜು ಕೂರೋದು ಹೀಗೇ. ಮನೆಯೊಳಗೇ ಫೋನು ಒರೆಸಿ, ಐದು ಗ್ರಾಮಿನ ಒಂದು ಸಿಲಿಕಾ ಪೊಟ್ಟಣ ಜೊತೆಗಿಟ್ಟು, ಗಾಳಿ ಒತ್ತಿ ತೆಗೆದು ಮುಚ್ಚಿ. ಜೇಬಿನ ಬಾಯಿ ಮೇಲಿದ್ದರೆ ಫೋನಿನ ಜ್ಯಾಕು ಕೆಳಗಿರಲಿ.

ಹಳ್ಳಕ್ಕೋ ಗದ್ದೆ ಕೆಸರಿಗೋ ನಿಜವಾಗಿ ಬಿದ್ದರೆ ಮೊದಲು ಆಫ್ ಮಾಡಿ. ಆನ್ ಆಗುತ್ತಾ ಅಂತ ಒತ್ತಿ ನೋಡೋ ಆಸೆ ಬಿಡಿ. ಸಿಮ್ ಟ್ರೇ ಎಳೆದಿಡಿ, 24 ಗಂಟೆ ಚಾರ್ಜರ್ ತೋರಿಸಬೇಡಿ. ಆವತ್ತೇ ಅಂಗಡಿಗೆ ಮುಟ್ಟಿಸಲಾದರೆ ಒಳ್ಳೆಯದು, ಹಿಂಬದಿ ಬಿಚ್ಚಿ ಬ್ಯಾಟರಿಯ ಕನೆಕ್ಟರ್ ಕಳಚೋದು ಎಷ್ಟು ಬೇಗ ಆಗುತ್ತೋ ಬೋರ್ಡು ಅಷ್ಟು ಉಳಿಯುತ್ತೆ. ಐಪಿ68 (ನೀರು, ಧೂಳು ತಡೆಯೋ ದರ್ಜೆ) ಅಂತ ಬರೆದಿದೆ ಅನ್ನೋ ಧೈರ್ಯವೂ ಬೇಡ. ಆ ಪರೀಕ್ಷೆ ಹೊಸ ಫೋನಿಗೆ, ತಿಳಿನೀರಿನಲ್ಲಿ ಮಾಡಿದ್ದು. ಒಮ್ಮೆ ಬಿದ್ದು ಅಂಚು ಬಿಟ್ಟ ಫೋನಿಗೆ, ಅಂಟು ಹಳತಾದ ಫೋನಿಗೆ ಅದು ಅನ್ವಯ ಆಗಲ್ಲ.


ಗುಡ್ಡದ ನೆತ್ತಿ, ಮೂಡಿಗೆರೆ:

ಬ್ಯಾಟರಿ ಇಳಿಯುವುದಕ್ಕೂ ಸಿಗ್ನಲ್ ಇಲ್ಲದಿರುವುದಕ್ಕೂ ಬೇರು ಒಂದೇ. ಟವರ್ ಹತ್ತಿರ ಇದ್ದರೆ ಫೋನು ಪಿಸುಮಾತಿನಲ್ಲಿ ಮಾತಾಡುತ್ತದೆ. ಕಣಿವೆಯಲ್ಲಿ ಕೂತರೆ ಕೂಗಿ ಹೇಳಬೇಕು. 4ಜಿ ಫೋನು ಗರಿಷ್ಠ ಸುಮಾರು 200 ಮಿಲಿವ್ಯಾಟ್ ಶಕ್ತಿಯಲ್ಲಿ ಕೂಗುತ್ತದೆ, ದುರ್ಬಲ ಸಿಗ್ನಲ್ಲಿನಲ್ಲಿ ಏನಾದರೂ ಕಳಿಸುವಾಗೆಲ್ಲ ಆ ಮಟ್ಟದ ಹತ್ತಿರವೇ ಇರುತ್ತದೆ. ಸಿಗ್ನಲ್ ಪೂರ್ತಿ ಹೋದರೆ ಹುಡುಕಾಟ ಶುರುವಾಗುತ್ತದೆ, ಅದಕ್ಕೂ ಬ್ಯಾಟರಿ ಬೇಕು.

ಕಡ್ಡಿ ನಂಬಬೇಡಿ, ಸಂಖ್ಯೆ ನೋಡಿ. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅಲ್ಲಿ ಸಿಮ್ ಸ್ಟೇಟಸ್, ಅದರಲ್ಲಿ ಸಿಗ್ನಲ್ ಸ್ಟ್ರೆಂತ್. ಡಿಬಿಎಂ ಲೆಕ್ಕದಲ್ಲಿ ಮೈನಸ್ ಸಂಖ್ಯೆ ಬರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 90 ಇದ್ದರೆ ಚೆನ್ನಾಗಿದೆ, ಮೈನಸ್ 105ಕ್ಕೆ ಹೇಗೋ ನಡೆಯುತ್ತದೆ, ಮೈನಸ್ 115 ದಾಟಿದರೆ ಮಾತು ತುಂಡಾಗುತ್ತದೆ. ಹತ್ತು ಅಂಕ ಕೆಳಗಿಳಿದರೆ ಸಿಗ್ನಲ್ ಹತ್ತನೇ ಒಂದು ಭಾಗವಾದಂತೆ. ಮನೆಯ ಜಗಲಿ, ಅಟ್ಟ, ಅಡುಗೆಮನೆ, ಕಣದ ಮೂಲೆ ಎಲ್ಲ ಕಡೆ ಒಂದೊಂದು ನಿಮಿಷ ನಿಂತು ಎರಡೂ ಸಿಮ್ಮಿನ ಸಂಖ್ಯೆ ಬರೆದುಕೊಳ್ಳಿ. ತಗಡಿನ ಮಾಡಿನ ಅಡಿಗೂ ಹೊರಗಿನ ಕಣಕ್ಕೂ ಎಷ್ಟು ಅಂತರ ಎಂದು ಆಗ ಗೊತ್ತಾಗುತ್ತದೆ. ಫೋನು ಇಡುವ ಜಾಗವನ್ನು ಆ ಪಟ್ಟಿ ನೋಡಿ ಆರಿಸಿ.

ಈಗ ಮಾಡಬೇಕಾದ್ದು. ಮನೆಯಲ್ಲಿ ಯಾವ ಸಿಮ್ಮಿಗೆ ಸಿಗ್ನಲ್ಲೇ ಇಲ್ಲವೋ ಅದನ್ನು ಸಿಮ್ ಮ್ಯಾನೇಜರಿನಲ್ಲಿ ಆಫ್ ಮಾಡಿ. ಎರಡು ಸಿಮ್ಮಿನ ಫೋನಿನಲ್ಲಿ ಬ್ಯಾಟರಿ ಸದ್ದಿಲ್ಲದೆ ಸೋರುವುದು ಇಲ್ಲೇ. 5ಜಿ ಬಂದು ಹೋಗಿ ಮಾಡುವ ಜಾಗದಲ್ಲಿ ನೆಟ್‌ವರ್ಕ್ ಮೋಡನ್ನು 4ಜಿಗೆ ಇಳಿಸಿ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಫೋಟೊ ಬ್ಯಾಕಪ್ ವೈಫೈ ಇದ್ದಾಗ ಮಾತ್ರ ಎಂದು ಮಾಡಿ, ಏಕೆಂದರೆ ದುರ್ಬಲ ಸಿಗ್ನಲ್ಲಿನಲ್ಲಿ ಫೋಟೊ ಮೇಲೆ ಕಳಿಸುವಷ್ಟು ಬ್ಯಾಟರಿ ತಿನ್ನುವ ಕೆಲಸ ಬೇರೊಂದಿಲ್ಲ.

ನಿಮಗೆ ಫೈಬರ್ ಇರುವುದು ದೊಡ್ಡ ಅನುಕೂಲ. ವೈಫೈ ಕಾಲಿಂಗ್ ಆನ್ ಮಾಡಿದರೆ ಮಾಮೂಲಿ ನಂಬರಿನ ಕರೆಯೇ ಫೈಬರ್ ಮೂಲಕ ಹೋಗುತ್ತದೆ, ಬೇರೆ ಆ್ಯಪ್ ಬೇಡ. ಆನ್ ಮಾಡಿದರೂ ಫೋನು ಅರೆಜೀವದ ಟವರನ್ನೇ ಹಿಡಿದುಕೊಂಡು ಕೂತರೆ, ಫ್ಲೈಟ್ ಮೋಡ್ ಹಾಕಿ, ಆಮೇಲೆ ವೈಫೈ ಮಾತ್ರ ಆನ್ ಮಾಡಿ. ಮೇಲಿನ ಸಾಲಿನಲ್ಲಿ ವೈಫೈ ಕಾಲಿಂಗ್ ಗುರುತು ಬರುತ್ತದೆ, ಕರೆಗಳೂ ಬರುತ್ತವೆ, ಟವರಿನ ಹುಡುಕಾಟ ನಿಂತು ಬ್ಯಾಟರಿಯೂ ಉಳಿಯುತ್ತದೆ. ಹೊರಗೆ ಹೊರಟಾಗ ಫ್ಲೈಟ್ ಮೋಡ್ ತೆಗೆಯಲು ಮರೆಯದಂತೆ ಇಬ್ಬರಿಗೂ ತೋರಿಸಿಕೊಡಿ.

ಕಡ್ಡಿ ತುಂಬ ಇದ್ದೂ ನೆಟ್ ಇಲ್ಲ ಅಂದಿರಲ್ಲ, ಅದು ನಿಮ್ಮ ಫೋನಿನ ತಪ್ಪಲ್ಲ. ನಿಮ್ಮಿಂದ ಟವರಿನ ತನಕ ಬರುವ ಅಲೆಗೆ ಮಳೆಯಿಂದ ಅಂಥ ತೊಂದರೆ ಇಲ್ಲ, ನೆನೆದ ಸಿಲ್ವರ್ ಓಕ್ ಎಲೆಗಳದ್ದೇ ಹೆಚ್ಚು ಅಡ್ಡಿ. ಆದರೆ ಫೈಬರ್ ಎಳೆಯದ ಗುಡ್ಡದ ಟವರುಗಳು ಒಂದಕ್ಕೊಂದು ಮೈಕ್ರೊವೇವ್ ತಟ್ಟೆಗಳಿಂದ ಮಾತಾಡಿಕೊಳ್ಳುತ್ತವೆ. ಆ ಅಲೆಯ ಆವರ್ತನ ಹೆಚ್ಚು, ಜೋರು ಮಳೆಯ ಹನಿಗಳು ಅದನ್ನು ನುಂಗಿಹಾಕುತ್ತವೆ. ಟವರ್ ನಿಮಗೆ ಕಾಣುತ್ತದೆ, ಟವರಿನ ಹಿಂದಿನ ದಾರಿ ಮುಚ್ಚಿದೆ. ಆಗ ಫೋನು ಆಫ್ ಆನ್ ಮಾಡಿ ಪ್ರಯೋಜನವಿಲ್ಲ, ಮಳೆಯ ಬಿರುಸು ಇಳಿಯುವವರೆಗೆ ಕಾಯಬೇಕು. ಇನ್ನೊಂದು ವಿಷಯ: ಕರೆಂಟು ಹೋದ ಮೇಲೆ ಟವರ್ ಕೆಲವು ಗಂಟೆ ಬ್ಯಾಟರಿಯಲ್ಲಿ, ಡೀಸೆಲ್ ಇದ್ದರೆ ಇನ್ನಷ್ಟು ಹೊತ್ತು ನಿಲ್ಲುತ್ತದೆ. ದೊಡ್ಡ ಗಾಳಿಮಳೆಯಲ್ಲಿ ಕರೆಂಟು ಹೋಯಿತು ಎಂದರೆ ಮುಖ್ಯವಾದ ಕರೆಗಳನ್ನು ಮೊದಲ ಗಂಟೆಯಲ್ಲೇ ಮುಗಿಸಿಕೊಳ್ಳಿ.

ಆನ್‌ಲೈನಿನಲ್ಲಿ ಮಾರುವ ಸಿಗ್ನಲ್ ಬೂಸ್ಟರ್ ತರಬೇಡಿ. ಪರವಾನಗಿ ಪಡೆದ ಮೊಬೈಲ್ ಕಂಪನಿಗಳ ಹೊರತು ಬೇರೆಯವರು ಅದನ್ನು ಇಟ್ಟುಕೊಳ್ಳುವುದೂ ಬಳಸುವುದೂ ಕಾನೂನುಬಾಹಿರ, ಜೊತೆಗೆ ಅದರ ಗದ್ದಲದಿಂದ ಅಕ್ಕಪಕ್ಕದ ಮನೆಗಳ ಕರೆಯೂ ಕೆಡುತ್ತದೆ. ಫೈಬರ್ ಇಲ್ಲದ ಮನೆಯವರು ಸಿಮ್ ಹಾಕುವ 4ಜಿ ರೂಟರ್ ತಂದು, ಅದರ ಹೊರ ಆಂಟೆನಾವನ್ನು ಮಾಡಿನ ಮೇಲೆ ಕಂಬಕ್ಕೆ ಕಟ್ಟಿ ಟವರಿನ ಕಡೆ ತಿರುಗಿಸಿ, ಮನೆಯೊಳಗೆ ವೈಫೈ ಕಾಲಿಂಗ್ ಬಳಸಬಹುದು. ಬಿಎಸ್‌ಎನ್‌ಎಲ್ 4ಜಿ ನೆಚ್ಚಿಕೊಂಡವರು ಫೋನಿನಲ್ಲಾಗಲಿ ರೂಟರಿನಲ್ಲಾಗಲಿ ಬ್ಯಾಂಡ್ 28, ಅಂದರೆ 700 ಮೆಗಾಹರ್ಟ್ಸ್ ಇದೆಯೇ ಎಂದು ನೋಡಿಕೊಳ್ಳಿ. ದೂರ ಮುಟ್ಟುವುದು ಅದೇ, ಹಳೆಯ ಎಷ್ಟೋ ಫೋನುಗಳಲ್ಲಿ ಇಲ್ಲದಿರುವುದೂ ಅದೇ.


ಸಂತೆ ಚೀಲ, ಬೇಲೂರು:

ಮೇಲಿನವರು ಬರೆದದ್ದಕ್ಕೆ ಎರಡು ತಿದ್ದುಪಡಿ, ಆಮೇಲೆ ದುಡ್ಡಿನ ವಿಷಯ.

4ಜಿಗೆ ಇಳಿಸುವಾಗ ಪಟ್ಟಿಯಲ್ಲಿ ಎರಡು ಥರ ಇರುತ್ತೆ. "4ಜಿ, 3ಜಿ, 2ಜಿ ಆಟೊ" ಒಂದು, "4ಜಿ ಮಾತ್ರ" ಇನ್ನೊಂದು. ಮೊದಲನೆಯದನ್ನೇ ಆರಿಸಿ. 4ಜಿ ಮಾತ್ರ ಅಂತ ಬೀಗ ಹಾಕಿದರೆ, 4ಜಿ ಹೋಗಿ 2ಜಿ ಉಳಿದಿರೋ ಜಾಗದಲ್ಲಿ ಏರ್‌ಟೆಲ್, ಬಿಎಸ್‌ಎನ್‌ಎಲ್ ಸಿಮ್ಮಿಗೆ ಬರಬಹುದಾಗಿದ್ದ ಕರೆಯೂ ಬರಲ್ಲ. ಜಿಯೊದಲ್ಲಿ 2ಜಿ ಇಲ್ಲವೇ ಇಲ್ಲ, ಅದಕ್ಕೆ ಈ ಮಾತು ಅನ್ವಯಿಸಲ್ಲ. ಎರಡನೆಯದು, ಬ್ಯಾಂಕಿಗೆ ಕೊಟ್ಟಿರೋ ನಂಬರಿನ ಸಿಮ್ಮನ್ನು ಆಫ್ ಮಾಡಬೇಡಿ. ಯುಪಿಐ ಆ್ಯಪ್ ಸಿಮ್ ಇದೆಯಾ ಅಂತ ನೋಡುತ್ತೆ, ಕಾಣದಿದ್ದರೆ ಮತ್ತೆ ಎಸ್‌ಎಂಎಸ್ ಕಳಿಸಿ ಪರಿಶೀಲಿಸು ಅನ್ನುತ್ತೆ. ಸಿಗ್ನಲ್ ಇಲ್ಲದ ಸಂತೆಯಲ್ಲಿ ನಿಂತು ಅದು ಆಗೋ ಕೆಲಸ ಅಲ್ಲ.

ಚಿಲ್ಲರೆ ಖರ್ಚಿಗೆ ಯುಪಿಐ ಆ್ಯಪಿನಲ್ಲೇ ಇರೋ ಯುಪಿಐ ಲೈಟ್ ಅನ್ನೋ ಚಿಕ್ಕ ಪರ್ಸ್ ಹಾಕಿಕೊಳ್ಳಿ. ಒಟ್ಟು 5000 ರೂಪಾಯಿವರೆಗೆ ತುಂಬಿಡಬಹುದು, ಒಂದು ಸಲಕ್ಕೆ 1000ದವರೆಗೆ ಪಿನ್ ಇಲ್ಲದೆ ಕೊಡಬಹುದು. ಲೈಟ್‌ಗೆ ನೆಟ್ಟೇ ಬೇಡ ಅಂತ ಹಲವರು ಹೇಳ್ತಾರೆ, ಅದು ತಪ್ಪು. ಸ್ಕ್ಯಾನ್ ಮಾಡಿ ಕೊಡೋಕೆ ನೆಟ್ ಬೇಕು. ಲಾಭ ಏನೆಂದರೆ ನಿಮ್ಮ ಬ್ಯಾಂಕಿನ ಸರ್ವರ್ ಪ್ರತಿ ಸಲ ಉತ್ತರ ಕೊಡಬೇಕಾಗಿಲ್ಲ, ಹಾಗಾಗಿ ಅರೆಬರೆ ನೆಟ್ಟಿನಲ್ಲೂ ಬೇಗ ಮುಗಿಯುತ್ತೆ, ಚಕ್ರ ತಿರುಗೋದು ಕಡಿಮೆ. ಲೈಟ್ ಹಣ ಆ ಫೋನಿಗೆ ಅಂಟಿಕೊಂಡಿರುತ್ತೆ ಅನ್ನೋದು ನೆನಪಿರಲಿ. ಫೋನು ರಿಪೇರಿಗೆ ಕೊಡೋ ಮೊದಲು, ಬದಲಿಸೋ ಮೊದಲು, ಲೈಟ್ ಮುಚ್ಚಿ ಹಣ ಖಾತೆಗೆ ವಾಪಸ್ ಹಾಕಿಕೊಳ್ಳಿ. ನೀರು ಕುಡಿದು ಫೋನು ಸತ್ತರೆ ಅದಕ್ಕಾಗಿ ಬ್ಯಾಂಕಿಗೆ ಅಲೆಯಬೇಕಾಗುತ್ತೆ. ಮಳೆಗಾಲದಲ್ಲಿ ಸಾವಿರ ರೂಪಾಯಿಗಿಂತ ಹೆಚ್ಚು ಇಡದಿರೋದು ವಾಸಿ.

ನೆಟ್ ಪೂರ್ತಿ ಇಲ್ಲದೆ 2ಜಿ ಮಾತ್ರ ಇದ್ದಾಗ ಬ್ಯಾಂಕಿಗೆ ಕೊಟ್ಟ ನಂಬರಿನಿಂದ *99# ಡಯಲ್ ಮಾಡಿ. ಮೆನು ಬರುತ್ತೆ, ಅಂಕಿ ಒತ್ತಿ ಹಣ ಕಳಿಸಬಹುದು, ಅದೇ ಯುಪಿಐ ಪಿನ್. ಒಂದು ಸಲಕ್ಕೆ 5000 ಮಿತಿ. ನಿಧಾನಕ್ಕೆ ಒತ್ತುತ್ತಾ ಕೂತರೆ ಮಧ್ಯದಲ್ಲೇ ಮೆನು ಮುಚ್ಚಿಹೋಗುತ್ತೆ, ಕಳಿಸಬೇಕಾದ ನಂಬರನ್ನು ಮೊದಲೇ ಚೀಟಿಯಲ್ಲಿ ಬರೆದು ಎದುರಿಗೆ ಇಟ್ಟುಕೊಳ್ಳಬೇಕು. 2ಜಿ ಇಲ್ಲದ ಸಿಮ್ಮಿನಲ್ಲಿ ಇದನ್ನು ನೆಚ್ಚಬೇಡಿ.

ಪೆಂಡಿಂಗ್ ಅಂತ ನಿಂತಾಗ ಮತ್ತೊಮ್ಮೆ ಸ್ಕ್ಯಾನ್ ಮಾಡಬೇಡಿ. ಹಣ ಹೋಗಿದ್ದು, ಹೋಯಿತು ಅನ್ನೋ ಉತ್ತರ ಮಾತ್ರ ನಿಮ್ಮ ಫೋನಿಗೆ ತಲುಪದೆ ಇರಬಹುದು. ಅಂಗಡಿಯವರ ಡಬ್ಬಿ ಕೂಗಲಿಲ್ಲ ಅಂದರೂ ಬಂದಿಲ್ಲ ಅಂತ ಅರ್ಥ ಅಲ್ಲ, ಆ ಡಬ್ಬಿಗೂ ಸಿಗ್ನಲ್ ಬೇಕು. ಅವರ ಆ್ಯಪಿನ ಪಟ್ಟಿ ನೋಡಬೇಕು. ನಿಮ್ಮ ಖಾತೆಯಿಂದ ಕಡಿತವಾಗಿ ಅವರಿಗೆ ಮುಟ್ಟದಿದ್ದರೆ, ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ ಒಬ್ಬರಿಂದ ಒಬ್ಬರಿಗೆ ಕಳಿಸಿದ್ದು ಮರುದಿನದೊಳಗೆ, ಅಂಗಡಿಗೆ ಕೊಟ್ಟದ್ದು ಐದು ದಿನದೊಳಗೆ ತಾನಾಗಿ ವಾಪಸ್ ಬರಬೇಕು. ಆಮೇಲಿನ ಒಂದೊಂದು ದಿನಕ್ಕೂ ಬ್ಯಾಂಕು 100 ರೂಪಾಯಿ ಪರಿಹಾರ ಕೊಡಬೇಕು. ವಾಪಸ್ ಕೊಡಿಸ್ತೀವಿ ಅಂತ ಯಾರಾದರೂ ಫೋನ್ ಮಾಡಿ ಪಿನ್ ಒತ್ತಲು ಹೇಳಿದರೆ ಅದು ಮೋಸ. ಹಣ ಬರೋಕೆ ಪಿನ್ ಬೇಡ. ಕಳಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಇದನ್ನು ಅಪ್ಪ ಅಮ್ಮನಿಗೆ ಒಂದಲ್ಲ, ನಾಲ್ಕು ಸಲ ಹೇಳಿ.


ಹೆತ್ತೂರು ಹೋಬಳಿ:

ತುಂಬ ಉಪಕಾರ ಆಯ್ತು. ಸ್ಯಾಮ್‌ಸಂಗ್ ಜ್ಯಾಕಿನಲ್ಲಿ ನೂಲಿನ ಕಸ ಒಂದು ಉದ್ದಿನಕಾಳಿನಷ್ಟು ಸಿಕ್ಕಿತು, ಗುರುತು ಹೋಯಿತು. ಇನ್ನೆರಡು ಪ್ರಶ್ನೆ. ಕರೆಂಟಿಲ್ಲದಾಗ ರೂಟರನ್ನು ದೊಡ್ಡ ಯುಪಿಎಸ್‌ನಲ್ಲಿ ಓಡಿಸೋದಾ, ಅಂಗಡಿಯಲ್ಲಿ ಸಿಗೋ ಚಿಕ್ಕ ರೂಟರ್ ಯುಪಿಎಸ್ ತರೋದಾ? ಇನ್ನೊಂದು, ಯುಪಿಎಸ್‌ನಲ್ಲಿ ಚಾರ್ಜಿಗೆ ಹಾಕಿದಾಗ ಸ್ಕ್ರೀನ್ ತಾನಾಗಿ ಜಿಗಿಯುತ್ತೆ, ಒತ್ತಿದ ಅಕ್ಷರ ಬಿಟ್ಟು ಬೇರೆ ಬೀಳುತ್ತೆ.


ಬೆಸುಗೆ ಕಡ್ಡಿ, ಚಿಕ್ಕಮಗಳೂರು:

ಸ್ಕ್ರೀನ್ ಜಿಗಿಯೋದಕ್ಕೆ ಕಾರಣ ಚಾರ್ಜರ್. ಟಚ್ ಕೆಲಸ ಮಾಡೋದು ಬೆರಳಿನಿಂದ ಆಗೋ ತೀರಾ ಸಣ್ಣ ವಿದ್ಯುತ್ ಬದಲಾವಣೆ ನೋಡಿ. ಕಡಿಮೆ ದರ್ಜೆಯ ಚಾರ್ಜರ್, ಅದಕ್ಕೆ ಸ್ಕ್ವೇರ್ ವೇವ್ ಯುಪಿಎಸ್ (ಕರೆಂಟಿನ ಅಲೆ ನುಣುಪಾಗಿ ಕೊಡದ ಥರದ್ದು) ಸೇರಿದರೆ ಆ ಗದ್ದಲ ಕೇಬಲ್ ಮೂಲಕ ಸ್ಕ್ರೀನಿಗೆ ಬಂದು ಬೆರಳಿನ ಹಾಗೆ ಕಾಣುತ್ತೆ. ಕೇಬಲ್ ತೆಗೆದ ತಕ್ಷಣ ಸರಿಹೋದರೆ ಸ್ಕ್ರೀನ್ ಹಾಳಾಗಿಲ್ಲ ಅಂತ ಖಾತ್ರಿ. ಕಂಪನಿಯ ಚಾರ್ಜರ್ ಬಳಸಿ, ಇಲ್ಲವೇ ಯುಪಿಎಸ್‌ನಿಂದ ಪವರ್ ಬ್ಯಾಂಕ್ ತುಂಬಿಸಿ, ಪವರ್ ಬ್ಯಾಂಕಿನಿಂದ ಫೋನಿಗೆ ಕೊಡಿ. ಒದ್ದೆ ಗಾಜಿನ ಮೇಲೂ ಹೀಗೇ ಜಿಗಿಯುತ್ತೆ, ಅದಕ್ಕೆ ಒರೆಸೋದೊಂದೇ ಮದ್ದು.

ರೂಟರ್ ಲೆಕ್ಕ. ಫೈಬರ್ ಡಬ್ಬಿ ಸಾಮಾನ್ಯವಾಗಿ 12 ವೋಲ್ಟಿನದು, ಸುಮಾರು 8 ವ್ಯಾಟ್ ಎಳೆಯುತ್ತೆ. ಚಿಕ್ಕ ರೂಟರ್ ಯುಪಿಎಸ್‌ನಲ್ಲಿ 2000 ಎಂಎಎಚ್‌ನ ಮೂರು ಸೆಲ್ ಇದ್ದರೆ ಒಟ್ಟು 22 ವ್ಯಾಟ್ ಅವರ್, ನಷ್ಟ ಕಳೆದು 18 ಅಂತಿಟ್ಟುಕೊಳ್ಳಿ. ಎರಡು ಗಂಟೆಗೆ ಸ್ವಲ್ಪ ಮೇಲೆ. ದಿನಗಟ್ಟಲೆ ಹೋಗೋ ಕರೆಂಟಿಗೆ ಇದು ಸಾಲದು. ದೊಡ್ಡ ಬ್ಯಾಟರಿ 12 ವೋಲ್ಟ್, 150 ಎಎಚ್, ಅಂದರೆ 1800 ವ್ಯಾಟ್ ಅವರ್. ಎಂಬತ್ತು ಪರ್ಸೆಂಟ್ ಬಳಸಿದರೆ 1440. ರೂಟರ್ 8, ಒಂಬತ್ತು ವ್ಯಾಟಿನ ಎರಡು ಎಲ್‌ಇಡಿ 18, ಯುಪಿಎಸ್ ತಾನೇ ತಿನ್ನೋದು ಒಂದು 20, ಒಟ್ಟು 46 ವ್ಯಾಟ್. ಮೂವತ್ತು ಗಂಟೆ ಬರುತ್ತೆ. ಬ್ಯಾಟರಿ ಹಳೆಯದಾದರೆ ಅದರಲ್ಲಿ ಅರ್ಧ ಅಂತ ಲೆಕ್ಕ ಹಾಕಿ. ರಾತ್ರಿ ಮಲಗುವಾಗ ಯುಪಿಎಸ್ಸನ್ನೇ ಆಫ್ ಮಾಡಿದರೆ ಒಟ್ಟು ಎರಡು ದಿನ ಎಳೆಯಬಹುದು. ಎಲ್ಲಾ ಕೆಡಿಸೋದು ಫ್ಯಾನು, ಟಿವಿ. ಫೈಬರಿನ ಇನ್ನೊಂದು ತುದಿಗೂ ಕರೆಂಟು ಬೇಕು, ಅಲ್ಲಿ ಹೋದರೆ ನಿಮ್ಮ ರೂಟರಿನಲ್ಲಿ ಕೆಂಪು ದೀಪ ಹತ್ತುತ್ತೆ. ಆಗ ರೂಟರ್ ಆಫ್ ಮಾಡಿ, ಬ್ಯಾಟರಿ ಉಳಿಸಿಕೊಳ್ಳಿ.

ಪವರ್ ಬ್ಯಾಂಕ್ ಮೇಲೆ ಬರೆದ 10000 ಎಂಎಎಚ್ ಒಳಗಿನ 3.7 ವೋಲ್ಟಿನ ಲೆಕ್ಕ. ಹೊರಗೆ 5 ವೋಲ್ಟಿಗೆ ಏರಿಸಿ ನಷ್ಟ ಕಳೆದರೆ ಕೈಗೆ ಸಿಗೋದು 6000ದ ಆಸುಪಾಸು. 5000ದ ಫೋನು ಒಂದು ಸಲ ತುಂಬಿ ಸ್ವಲ್ಪ ಉಳಿಯುತ್ತೆ. ಇಬ್ಬರಿಗೆ 20000ದ್ದು ಒಂದು ಇರಲಿ. ಬ್ಯಾಟರಿ ಬಾಳಿಕೆಗೆ ಅಂತ ಚಾರ್ಜ್ 80ಕ್ಕೆ ನಿಲ್ಲೋ ಸೆಟ್ಟಿಂಗ್ ಹಾಕಿದ್ದರೆ ಗಾಳಿಮಳೆಯ ಮುನ್ಸೂಚನೆ ಇರೋ ದಿನ ತೆಗೆದು ನೂರು ತುಂಬಿಸಿ.


ಚಾರ್ಮಾಡಿ ತಿರುವು, ಕೊಟ್ಟಿಗೆಹಾರ:

ಮೂರು ಸೇರಿಸುತ್ತೇನೆ.

ಘಾಟಿ ಇಳಿಯುವವರು ವೈಫೈ ಇರುವಾಗಲೇ ಗೂಗಲ್ ಮ್ಯಾಪ್‌ನಲ್ಲಿ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ. ಶಿರಾಡಿ, ಚಾರ್ಮಾಡಿ ಎರಡೂ ಒಂದೇ ಚೌಕದಲ್ಲಿ ಬರುವಂತೆ ಎಳೆಯಿರಿ, ಒಂದು ಮುಚ್ಚಿದರೆ ಇನ್ನೊಂದು ಬೇಕಾಗುತ್ತದೆ. ಜಿಪಿಎಸ್ಸಿಗೆ ನೆಟ್ ಬೇಡ, ಉಪಗ್ರಹ ಸಾಕು. ಆದರೆ ನೆಟ್ ಇಲ್ಲದೆ ಮೊದಲ ಸಲ ಜಾಗ ಹಿಡಿಯಲು ಕೆಲವು ನಿಮಿಷ ಬೇಕು, ಮರದಡಿಯಲ್ಲಿ ಇನ್ನೂ ತಡ. ಬಯಲಿನಲ್ಲಿ ಒಮ್ಮೆ ಹಿಡಿಸಿಕೊಂಡು ಹೊರಡಿ. ರಸ್ತೆ ಮುಚ್ಚಿದೆ ಎಂಬ ಸುದ್ದಿ ಆಫ್‌ಲೈನ್ ಮ್ಯಾಪಿಗೆ ಬರುವುದಿಲ್ಲ, ಅದನ್ನು ಹೊರಡುವ ಮೊದಲೇ ಕೇಳಿಕೊಳ್ಳಬೇಕು.

ಸಿಡಿಲಿನ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕಡೆ ಗುಡುಗು ಹೆಚ್ಚು ಭರಣಿ, ಕೃತ್ತಿಕೆಯಲ್ಲಿ, ಮತ್ತೆ ಸ್ವಾತಿ ಹೊತ್ತಿಗೆ. ಆರಿದ್ರಾ, ಪುನರ್ವಸು ಜಡಿಮಳೆಯಲ್ಲಿ ಅಪರೂಪ. ಕೈಯಲ್ಲಿರುವ ಫೋನು ಸಿಡಿಲನ್ನು ಕರೆಯುವುದಿಲ್ಲ, ಅಪಾಯ ಇರುವುದು ತಂತಿಯಲ್ಲಿ. ಗುಡುಗುವಾಗ ಚಾರ್ಜರಿನ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಗೋಡೆಯಿಂದ ಕೀಳಬೇಕು. ಚಾರ್ಜಿಗೆ ಹಾಕಿದ ಫೋನಿನಲ್ಲಿ ಆಗ ಮಾತಾಡಬೇಡಿ. ದಾಮಿನಿ ಆ್ಯಪ್ 20 ಮತ್ತು 40 ಕಿಲೋಮೀಟರ್ ಒಳಗಿನ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ಅದಕ್ಕೆ ಲೊಕೇಶನ್ ಅನುಮತಿ ಸದಾ ಎಂದಿರಲಿ, ಬ್ಯಾಟರಿ ಸೇವರಿನಿಂದ ಹೊರಗಿಡಿ, ಇಲ್ಲದಿದ್ದರೆ ಫೋನು ಆ ಆ್ಯಪನ್ನು ಮಲಗಿಸಿಬಿಡುತ್ತದೆ.

ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲ, ಆದರೆ "ತುರ್ತು ಕರೆ ಮಾತ್ರ" ಎಂದು ತೋರಿಸುತ್ತಿದೆ ಎಂದರೆ ಬೇರೆ ಕಂಪನಿಯ ಟವರ್ ಸಿಗುತ್ತಿದೆ ಎಂದರ್ಥ. 112 ಅದರಿಂದಲೇ ಹೋಗುತ್ತದೆ. ಲೈನ್ ಹರಿದು ಬಿದ್ದರೆ ಹಾಸನದ ಸೆಸ್ಕ್‌ಗಾಗಲಿ ಚಿಕ್ಕಮಗಳೂರಿನ ಮೆಸ್ಕಾಂಗಾಗಲಿ ನಂಬರ್ ಒಂದೇ, 1912. ಅಲ್ಲಿ ಆರ್‌ಆರ್ ನಂಬರ್ ಕೇಳುತ್ತಾರೆ, ಕರೆಂಟ್ ಬಿಲ್ಲಿನ ಫೋಟೊ ಒಂದನ್ನು ಇಬ್ಬರ ಫೋನಿನಲ್ಲೂ ಇಡಿ. ಬಿದ್ದ ತಂತಿಯ ಫೋಟೊ ತೆಗೆಯಲು ಹತ್ತಿರ ಹೋಗಬೇಡಿ, ನೆಲ ಒದ್ದೆ ಇರುತ್ತದೆ. ಕಂಬದ ಮೇಲಿನ ನಂಬರನ್ನು ದೂರ ನಿಂತು ಜೂಮ್ ಮಾಡಿ ತೆಗೆದರೆ ಲೈನ್‌ಮ್ಯಾನಿಗೆ ಅಷ್ಟೇ ಸಾಕು.